ಏಳನೆಯ ಕೊಡ

ಲೋಕದಲ್ಲಿ ಎಲ್ಲವೂ ಒಂದು ದಿನ ನಿಂತೇ ನಿಲ್ಲುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರು ಎಪ್ಪತ್ತರ ದಶಕದಲ್ಲಿ, ಇಂಡಿ ಊರಿನ ನಮ್ಮ ಮಣ್ಣು ಹೊದಿಸಿದ ಮಾಳಿಗೆಯ ಕೆಳಗೆ ಮಲಗಿದವರಲ್ಲ.

ಮಾಳಿಗೆ ಸೋರಿದರೆ ಇಡೀ ಓಣಿ ಕರೆಯುತ್ತಿದ್ದುದು ಒಬ್ಬನೇ ಮೇಸ್ತ್ರಿಯನ್ನು. ಆತ ನೀರು ಇಳಿಯಗೊಡದ ಸವಳು ಮಣ್ಣು ಮೆತ್ತಿ, ಹಿಮ್ಮಡಿಯಿಂದ ತುಳಿದು, ಕಿವಿ ಹಚ್ಚಿ ಕೇಳಿ, "ಬಂದ್ ಆತ್ರಿ" ಎನ್ನುತ್ತಿದ್ದ. ಆಮೇಲೆ ಪರೀಕ್ಷೆಗೆಂದು ಅಲ್ಲೇ ಒಂದು ಕೊಡ ನೀರು ಸುರಿಯುತ್ತಿದ್ದ.

ಆ ವರ್ಷ ಹಿಂಗಾರಿ ಬಿತ್ತನೆಯ ಮೂರು ಚೀಲ ಜೋಳ ಸೋರುವ ಮೂಲೆಯಲ್ಲೇ ಇದ್ದವು. ಮೇಸ್ತ್ರಿ ಮಾಳಿಗೆ ಹತ್ತುವ ಮುಂಚೆ ಸರಿಸಲು ಹೋದೆ.

"ಮುಟ್ಟಬ್ಯಾಡ್ರಿ! ಚೀಲ ಸರಿಸಿದ್ರ ನನ್ನ ಮ್ಯಾಲ ನಂಬಿಗಿ ಇಲ್ಲಂದಂಗ ಆತು."

ಮರ್ಯಾದೆಗೆ ಅಂಜಿ ಬಿಟ್ಟೆ. ಮೊದಲ ಕೊಡಕ್ಕೆ ಒಂದೇ ಹನಿ ಬಿತ್ತು. ಆತ ಅದನ್ನು ಮುಚ್ಚಿ ಮತ್ತೊಂದು ಕೊಡ ಸುರಿದ. ಹನಿ ಮಾರು ದೂರದಲ್ಲಿ ಬಿತ್ತು. ಮಣ್ಣಿನೊಳಗೆ ಬಿಡಿಬಿಡಿಯಾಗಿ ಸುಮ್ಮನಿದ್ದ ಸಂದುಗಳು ನೆನೆದು ನೆನೆದು ಒಂದರ ಕೈಯನ್ನೊಂದು ಹಿಡಿಯುತ್ತಿದ್ದವು.

ಕೆಳಗಿನಿಂದ ನನ್ನ ಹೆಂಡತಿ ಕೂಗಿದಳು: "ಅಣ್ಣಾರ, ಇದಕಿಂತ ಮಳೀನ ಪಾಡ ಐತಿ, ನೀವು ಇಳೀರಿ!"

"ಇನ್ನೊಂದ ಕೊಡಾರಿ ಅಕ್ಕಾರ. ಬಂದ್ ಆತು."

ಏಳನೆಯ ಕೊಡಕ್ಕೆ ಹನಿಗಳೆಲ್ಲ ಒಂದಾಗಿ, ಚೀಲಗಳ ಮೇಲೆ ಧಾರೆಯಾಗಿ ಇಳಿದವು.

ಮಳೆ ಎಂಟು ದಿನ ಬಿಟ್ಟು ಬಂತು. ಅಷ್ಟರೊಳಗೆ, ಬಿಸಿಲಿಗೆ ಹರವಿದರೂ, ಎರಡು ಚೀಲ ಜೋಳ ಮನೆಯಲ್ಲೇ ಮೊಳೆತಿತ್ತು.