ಸಮುದ್ರಕ್ಕೆ ಒಡ್ಡು ಹಾಕಿದವರು ನಾವು

ಕಣ್ಣಿಂದ ಒಮ್ಮೆಯೂ ನೋಡದ್ದನ್ನು ಕೈಯಿಂದ ಮಾಡಿ ತೋರಿಸಿ ಎಂದು ಶಾಲೆಯಲ್ಲಿ ನಿಮಗೂ ಹೇಳಿದ್ದರಾ? ನನಗೆ ಹೇಳಿದ್ದರು.

ಎಂಬತ್ತರ ದಶಕದ ಮಾತು. ನವಲಗುಂದ ತಾಲೂಕಿನ ಹಳ್ಳಿ, ಒಂಬತ್ತನೇ ಇಯತ್ತೆ. ತಾಲೂಕಿನ ಶಾಲೆಗಳ ವಸ್ತುಪ್ರದರ್ಶನಕ್ಕೆ ನಮ್ಮ ಇತಿಹಾಸದ ಅಕ್ಕೋರು ಆರಿಸಿದ್ದು ಕರಾವಳಿಯ ಒಂದು ಕೋಟೆ. ನಾಲಗೆ ಚಾಚಿದಂತೆ ನೀರಿನೊಳಗೆ ಹೋದ ಬಂಡೆ, ಮೂರು ಕಡೆ ಸಮುದ್ರ, ಒಂದು ಕಡೆ ಮಾತ್ರ ನೆಲ. ಸಮುದ್ರ ನಾನು ಕಂಡೇ ಇರಲಿಲ್ಲ. ಬಂಡೆ ಎಂದರೆ ನವಲಗುಂದದ ಗುಡ್ಡ, ಅದೂ ಬಸ್ಸಿನ ಕಿಟಕಿಯಿಂದ. ನಮ್ಮ ಎರೆಹೊಲದಲ್ಲಿ ನಾಯಿಗೆ ಎಸೆಯಲೂ ಕಲ್ಲು ಸಿಗುವುದಿಲ್ಲ.

ಅಲ್ಲಿಯತನಕ ಪ್ರದರ್ಶನಕ್ಕೆ ಹೋಗುತ್ತಿದ್ದವರು ಗಂಡುಹುಡುಗರೇ. ಈ ಸಲ ನಾನು ಮತ್ತು ನನ್ನ ಗೆಳತಿ ಹೋಗಬೇಕೆಂದು ಅಕ್ಕೋರು ಹಟ ಹಿಡಿದರು. ಹೆಡ್‌ಮಾಸ್ತರರು ನಮ್ಮೆದುರಿಗೇ ಹೇಳಿದರು: “ಕಳಸ್ರಿ ಅಕ್ಕೋರ. ಆದ್ರ ಬರಿಗೈಲೆ ಬಂದ್ರ, ಮುಂದ ಹುಡುಗ್ಯಾರನ್ನ ಎಲ್ಲೂ ಕಳಸೂದಿಲ್ಲ.”

ಮೊದಲ ಕೋಟೆಯನ್ನು ಹೊಲದ ಕರಿ ಮಣ್ಣಿನಲ್ಲೇ ಕಟ್ಟಿದೆವು. ಮೂರನೇ ದಿನಕ್ಕೆ ಬುರುಜುಗಳೆಲ್ಲ ಬಿರುಕು ಬಿಟ್ಟವು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಎರಿ ಮಣ್ಣು ಒಣಗಿದ್ರ ಬಾಯಿ ಬಿಡತೈತಿ ಅನ್ನೂದು ಗೊತ್ತಿಲ್ಲೇನಬೇ ನಿನಗ? ರೈತರ ಮಗಳಂತ, ರೈತರ ಮಗಳು!”

“ಮತ್ತೇನ ಮಾಡ್ಲಿ ಹೇಳ ಅಜ್ಜಿ.”

“ಮ್ಯಾಲೆ ನೋಡು. ಮಾಳಿಗಿ ಸೋರತೈತೇನು?”

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಬಿಳಿ ಸವಳು ಮಣ್ಣು ಹಾಸಿ ತುಳಿಯುತ್ತಿದ್ದರು. ನೀರು ಒಳಗೆ ಇಳಿಯದು. ನನಗೆ ಅಲ್ಲಿಯೇ ದಾರಿ ಹೊಳೆಯಿತು: ಹೊರಗೆ ಈ ಮಣ್ಣು ಬಳಿದರೆ ಕೋಟೆ ನೀರಿಗೂ ಕರಗದು. ಅಕ್ಕೋರು ಪಾಠದಲ್ಲಿ ಹೇಳಿದ್ದರಲ್ಲ, ಆ ಕೋಟೆ ಒಬ್ಬರು ಕಟ್ಟಿದ್ದಲ್ಲ ಎಂದು. ಮೊದಲು ಅಲ್ಲಿಯ ಸಣ್ಣ ದೊರೆಯ ಮಣ್ಣಿನ ಗೋಡೆ, ಆಮೇಲೆ ಹಡಗಿನಲ್ಲಿ ಬಂದವರ ಕಲ್ಲಿನ ಗೋಡೆ, ಕೊನೆಗೆ ಅವರನ್ನು ಓಡಿಸಿದವರ ತೋಪಿನ ಬುರುಜು. ಒಬ್ಬೊಬ್ಬರಿಗೆ ಒಂದೊಂದು ಮಣ್ಣು ಎಂದು ಠರಾಯಿಸಿದೆವು. ಒಳಗೆ ಹೊಟ್ಟು ಕಲಸಿದ ಕರಿ ಮಣ್ಣು, ಅದರ ಮೇಲೆ ದೇವಿಕೊಪ್ಪದ ಅತ್ತೆಯ ಮನೆಯಿಂದ ತಂದ ಕೆಮ್ಮಣ್ಣು, ಎಲ್ಲಕ್ಕೂ ಹೊರಗೆ ಮಾಳಿಗೆಯ ಬಿಳಿ ಮಣ್ಣು. ಬಂಡೆಯ ಬದಲು ಒಡೆದ ಬೀಸುಕಲ್ಲಿನ ಅರ್ಧ ಹೋಳು. ಚಪ್ಪಟೆ ತಗಡಿನ ಮೇಲೆ ಅದನ್ನಿಟ್ಟು, ಬಟ್ಟೆಯ ನೀಲಿ ಕಲಸಿದ ನಿಜವಾದ ನೀರು ಸುರಿದೆವು.

ನೀರು ಸುರಿಯುವ ಮೊದಲೇ ಸುತ್ತ ಒಡ್ಡನ್ನೂ ಹಾಕಿದ್ದೆವು. ನೀರು ನಿಂತ ಕಡೆಯಲ್ಲೆಲ್ಲ ಒಡ್ಡು ಇರಲೇಬೇಕು ಎಂದು ನಂಬಿ ಬೆಳೆದವರು ನಾವು. ಸಮುದ್ರಕ್ಕೆ ಅದು ಇರುವುದಿಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಪ್ರದರ್ಶನದಲ್ಲಿ ನಮ್ಮ ಬಾಜೂಕೆ ಪೇಟೆಯ ಶಾಲೆಯ ಹುಡುಗರು. ಅವರದು ರಟ್ಟಿನ ಕೋಟೆ, ಬಣ್ಣ ಬಳಿದ ಸಮುದ್ರ.

“ಏ, ಇವರು ಸಮುದ್ರಕ್ಕ ಒಡ್ಡು ಹಾಕ್ಯಾರಲೇ! ಜ್ವಾಳಾ ಬಿತ್ತಾರೇನ?”

“ತಡಿಯೋ, ಇನ್ನೊಂದು ತಾಸಿಗೆ ಕರಗಿ ರಾಡಿ ಆಗತೈತಿ.”

ಹನ್ನೊಂದಕ್ಕೆ ಬರಬೇಕಿದ್ದ ಪರೀಕ್ಷಕರು ಬಂದದ್ದು ಮೂರಕ್ಕೆ. ಅಷ್ಟು ಹೊತ್ತೂ ಮಣ್ಣಿನ ಕೋಟೆ ನೀರಿನಲ್ಲೇ ನಿಂತಿತ್ತು. ಗೆಳತಿ ನಿಮಿಷಕ್ಕೊಮ್ಮೆ ಬಗ್ಗುವಳು. “ಕರಗಾಕತ್ತೇತೇನಬೇ?” “ಸುಮ್ನ ನಿಂದ್ರಬೇ, ನಿನ್ನ ಉಸಿರಿಗೇ ಬೀಳತೈತಿ ಅದು.” ಆದರೆ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ. ರಾಡಿಯಾಗುತ್ತದೆ ಎಂದವರು ಮೂರಕ್ಕೆ ಮುಂಚೆಯೇ ಬಾಯಿ ಮುಚ್ಚಿದ್ದರು.

ಪರೀಕ್ಷಕರು ಧಾರವಾಡದ ಹಿರಿಯ ಇತಿಹಾಸ ಪ್ರಾಧ್ಯಾಪಕರು. ನೋಡಿದ್ದೇ ನಕ್ಕರು. “ಸಮುದ್ರಕ್ಕ ಒಡ್ಡು ಹಾಕಿದವರು ಯಾರವಾ?”

“ನಾವರೀ ಸರ. ಹಾಕಲಿಲ್ಲಂದ್ರ ನಿಮ್ಮ ಚಪ್ಪಲಿ ತೊಯ್ತಿದ್ವು.”

ಅಕ್ಕೋರು ಹಣೆ ಹಿಡಿದುಕೊಂಡರು. ಪ್ರಾಧ್ಯಾಪಕರು ಮಾತ್ರ ಮತ್ತೂ ನಕ್ಕು ಕೇಳಿದರು: “ಆತು. ಈ ಕ್ವಾಟಿ ಮೊದಲ ಕಟ್ಟಿದವರ್ಯಾರು, ಆಮ್ಯಾಲೆ ಯಾರು? ಹೆಂಗ ಗೊತ್ತಾಗಬೇಕು?”

ಪೇಟೆಯ ಹುಡುಗರು ಈ ಪ್ರಶ್ನೆಗೆ ರಾಜರ ಹೆಸರನ್ನೆಲ್ಲ ಗಟ್ಟಿ ಮಾಡಿ ಒಪ್ಪಿಸಿದ್ದರು. ನಾನು ಮಣ್ಣು ಸವರಲು ತಂದಿದ್ದ ಕುರ್ಪಿ ತೆಗೆದುಕೊಂಡೆ. ದಿನವಿಡೀ ಕಾದ ಕೋಟೆಯನ್ನು, ನೆಲದ ಕಡೆಯ ದಪ್ಪ ಗೋಡೆ ಇತ್ತಲ್ಲ, ಅಲ್ಲಿ ಅಡ್ಡಡ್ಡ ಕೊಯ್ದುಬಿಟ್ಟೆ. ಗೆಳತಿ “ಯವ್ವಾ!” ಎಂದು ಚೀರಿದಳು. ಒಳಗೆ ಕರಿ, ನಡುವೆ ಕೆಂಪು, ಹೊರಗೆ ಬಿಳಿ, ಗೆರೆ ಎಳೆದಂತೆ.

“ಕರೀದು ಮೊದಲಿನವರದು, ಕೆಂಪು ಹಡಗದಾಗ ಬಂದವರದು, ಬಿಳೀದು ಅವರನ್ನ ಓಡಿಸಿದವರದು ಸರ.”

“ಸಮುದ್ರದ ಕಡೆ ಕೊಯ್ದ್ರ?”

“ಅಲ್ಲಿ ಬರೇ ಬಿಳಿ ಮಣ್ಣಿನ ಸಣ್ಣ ಗೋಡಿ ಐತ್ರಿ. ಆ ಕಡೆ ಕಾವಲು ಸಮುದ್ರಂದು. ಜಗಳೆಲ್ಲಾ ನೆಲಕ್ಕ ಕೂಡೋ ಈ ಕುತಿಗಿ ಸಲುವಾಗಿ ರೀ. ಬಂದವರೆಲ್ಲಾ ಇಲ್ಲೇ ಒಡದು ಒಳಗ ಹೊಕ್ಕರು. ಹೊಕ್ಕಿಂದ, ಮತ್ತೊಬ್ಬರು ಬರಬಾರದಂತ ಇದನ್ನ ದಪ್ಪ ಮಾಡಿದ್ರು.”

ಅವರು ಕನ್ನಡಕ ತೆಗೆದು, ಬಗ್ಗಿ, ಕೊಯ್ದ ಗೋಡೆಯನ್ನೇ ನೋಡಿದರು. “ಇಷ್ಟು ಹೇಳಾಕ ಕಾಲೇಜಿನ್ಯಾಗ ನನಗ ಒಂದು ತಾಸು ಬೇಕಾಗತೈತಿ ತಂಗಿ.”

ಮೊದಲ ಬಹುಮಾನ ನಮ್ಮದೇ! ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ನಮ್ಮಿಬ್ಬರ ಹೆಸರನ್ನು ಇಡೀ ಶಾಲೆಗೆ ಕೇಳುವಂತೆ ಕೂಗಿದರು. ಮುಂದಿನ ವರ್ಷದ ಯಾದಿಯನ್ನೂ ತಾವೇ ಬರೆದರು. “ಹುಡುಗ್ಯಾರು ನಾಕು ಮಂದಿ ಸಾಕೇನ್ರಿ ಅಕ್ಕೋರ?”

“ಐದು ಬರಕೋರಿ ಸರ,” ಎಂದರು ಅಕ್ಕೋರು.

ನಿಮ್ಮೂರ ಶಾಲೆಯಿಂದ ನೀವು ಏನು ಹೊತ್ತುಕೊಂಡು ಹೋಗಿದ್ದಿರಿ? ಗೆದ್ದು ಬಂದಿರೋ, ಬಸ್ಸಿನಲ್ಲೇ ಒಡೆದುಕೊಂಡಿರೋ? ನಾಚಿಕೊಳ್ಳದೆ ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.