ಕೇಳದೆ ಹೊಸದಾದ ಕೋಟು

ಬಟ್ಟೆ ಒಗೆಯುವವರ ಮನೆಯ ಮಗಳೊಬ್ಬಳು ಹುಳು ಓದಲು ಹೊರಟ ಕತೆ ಇದು. ಹುಳು ಎಂದರೆ ಹೊಲದ್ದಲ್ಲ, ಗಿಡದ್ದೂ ಅಲ್ಲ. ಕಪಾಟಿನ ಕತ್ತಲಲ್ಲಿ ಸದ್ದಿಲ್ಲದೆ ಕೂತು ಉಣ್ಣೆ ಬಟ್ಟೆಯನ್ನು ಮೇಯುತ್ತದಲ್ಲ, ಆ ನುಸಿ. ಈ ಮನೆಯವರಿಗೆ ಅದಕ್ಕಿಂತ ದೊಡ್ಡ ವೈರಿ ಬೇರೆ ಇರಲಿಲ್ಲ. ನುಸಿ ಕಡಿದ ಜಾಗ ಮೊದಲು ಕಣ್ಣಿಗೆ ಬೀಳುವುದಿಲ್ಲ. ನೀರು ಕಂಡ ಮೇಲೆ ಬಾಯಿ ಬಿಡುತ್ತದೆ. ತಿಂದದ್ದು ಹುಳು, ಬೈಸಿಕೊಳ್ಳುವವರು ಒಗೆದವರು.

"ನೋಡೋ ತಮ್ಮಾ," ಎಂದು ಸೋದರತ್ತೆ ಇಸ್ತ್ರಿ ಒತ್ತುತ್ತಲೇ ಅಣಕಿಸುತ್ತಿದ್ದಳು, "ನಮ್ಮನೆಗೆ ಕನ್ನ ಹಾಕೋ ಕಳ್ಳನ ಮೇಲೆ ಪುಸ್ತಕ ಬರೀತಾಳಂತೆ ನಿನ್ನ ಮಗಳು. ಬರೆದಾದ ಮೇಲೆ ಅವನಿಗೆ ಶಾಲು ಹೊದಿಸ್ತಾಳೋ ಏನೋ."

"ಶಾಲು ಹೊದಿಸಿದ್ರೆ ಅದನ್ನೂ ತಿನ್ನುತ್ತೆ, ಅತ್ತೆ," ಎನ್ನುವಳು ಮಗಳು.

ಹೀಗೆ ಅವಳಿಗೆ ನುಸಿರಾಣಿ ಎಂದು ಹೆಸರು ಬಿತ್ತು. ಇಟ್ಟವಳು ಅತ್ತೆಯೇ. ತಾಯಿ ತೀರಿಕೊಂಡ ಮೇಲೆ ಸಾಕಿದ ಕೈ ಅದು, ಅದಕ್ಕೆ ಆ ಹೆಸರಿನಲ್ಲಿ ಮುಳ್ಳಿರಲಿಲ್ಲ.

ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಮುಂದೆ ಕೌಂಟರು. ಅದರ ಹಿಂದೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು, ಅದರ ತುಂಬ ಹ್ಯಾಂಗರುಗಳಲ್ಲಿ ಊರವರ ಬಟ್ಟೆ. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರ, ಉಗಿಯ ಬಾಯ್ಲರು, ಇಸ್ತ್ರಿ ಮೇಜು. ಮೂಲೆಯಲ್ಲಿ ಅಪ್ಪನ ಹೊಲಿಗೆ ಮಿಷನ್ನು. ಮೇಲೆ ಎರಡು ಕೋಣೆಯಲ್ಲಿ ಸಂಸಾರ. ಬಾಯ್ಲರಿನ ಬಿಸಿ ಮಹಡಿಗೂ ಏರುತ್ತಿದ್ದುದರಿಂದ ಅವರ ಮನೆಯಲ್ಲಿ ಯಾರಿಗೂ ಚಳಿ ಅಂದರೇನೆಂದು ಸರಿಯಾಗಿ ಗೊತ್ತಿರಲಿಲ್ಲ.

ಆ ಮನೆಗೊಂದು ನಡವಳಿಕೆಯಿತ್ತು. ಒಗೆಯಲು ಬಂದ ಬಟ್ಟೆಯ ಗುಂಡಿ ಸಡಿಲವಾಗಿದ್ದರೆ ಬಿಗಿ ಮಾಡುವುದು, ಅಂಚು ಬಿಚ್ಚಿದ್ದರೆ ಹೊಲಿಯುವುದು. ಕೇಳಿ ಮಾಡುವುದಲ್ಲ, ಮಾಡಿ ಹೇಳುವುದೂ ಅಲ್ಲ. ಗಿರಾಕಿ ಮನೆಗೆ ಹೋಗಿ ತೊಟ್ಟಾಗ ಅರೆ, ಇದು ಸರಿಹೋಗಿದೆಯಲ್ಲ ಎಂದುಕೊಳ್ಳಬೇಕು, ಅಷ್ಟೇ. ಅಪ್ಪನ ಅಪ್ಪನಿಂದ ಬಂದ ಅಭ್ಯಾಸ. ಮಾತು ಕಡಿಮೆಯ ಮನುಷ್ಯನಾದ ಅಪ್ಪ ಊರಿನ ಜೊತೆ ಮಾತಾಡುತ್ತಿದ್ದುದೇ ಹಾಗೆ, ಸೂಜಿಯಿಂದ.

ಮಗಳು ಡಿಗ್ರಿ ಮುಗಿಸಿ ಅಂಗಡಿಗೆ ನಿಂತು ಬಹಳ ವರ್ಷವಾಗಿತ್ತು. ಓದು ಮುಗಿದರೂ ಓದುವ ಚಟ ಮುಗಿಯಲಿಲ್ಲ. ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಹುಳುಗಳ ವಿಭಾಗ ಒಂದಿತ್ತು. ಅಲ್ಲಿ ಸಂಶೋಧನೆಗೆ ಸೀಟು ಬೇಕೆಂದು ಅರ್ಜಿ ಹಾಕಿದಳು. ಮೊದಲ ಸಲ ಇಲ್ಲ ಎಂದರು. ಎರಡನೆಯ ಸಲ ಕಾಯುವವರ ಪಟ್ಟಿಯಲ್ಲಿ ಇಟ್ಟರು.

"ಅಂದ್ರೆ ಏನೇ ಅದು?" ಅತ್ತೆ ಕೇಳಿದಳು.

"ಬಾ ಅಂತಾನೂ ಅಲ್ಲ, ಹೋಗು ಅಂತಾನೂ ಅಲ್ಲ."

"ಓಹೋ. ಬಾಡಿಗೆ ಮನೆ ನೋಡೋಕೆ ಬಂದು, ನಲ್ಲಿ ಎಲ್ಲ ತಿರುಗಿಸಿ, ಆಮೇಲೆ ಹೇಳ್ತೀವಿ ಅಂತ ಹೋಗ್ತಾರಲ್ಲ, ಆ ಥರ."

ಆ ಥರವೇ ಆಯಿತು. ಯಾರೂ ವಾಪಸ್ ಬಂದು ಹೇಳಲಿಲ್ಲ.

ಮೂರನೆಯ ಸಲ ಹಾಕುವ ಹೊತ್ತಿಗೆ ಅಪ್ಪನ ಸೊಂಟ ಹೋಗಿತ್ತು. ಒದ್ದೆ ಬಟ್ಟೆಯ ಬುಟ್ಟಿ ಎತ್ತಲು ಆಗುತ್ತಿರಲಿಲ್ಲ. ಅಂಗಡಿಯ ಕರಾರು ಮುಗಿಯುವುದಿತ್ತು. ಮುಂದಿನ ಐದು ವರ್ಷಕ್ಕೆ ಮಗಳ ಹೆಸರಿನಲ್ಲಿ ಮಾಡಿಕೊಡುತ್ತೇನೆ, ಇಲ್ಲವಾದರೆ ಬೇರೆಯವರು ಕಾದಿದ್ದಾರೆ ಎಂದು ಕಟ್ಟಡದ ಮಾಲೀಕ ಹೇಳಿ ಕಳಿಸಿದ್ದ. ಸೀಟು ಸಿಕ್ಕರೆ ಅಂಗಡಿ ಬಿಟ್ಟುಕೊಟ್ಟು ಅಪ್ಪ, ಅತ್ತೆ ಇಬ್ಬರೂ ಅವಳ ಹಿಂದೆ ಹೊರಡುವುದು, ಸಿಗದಿದ್ದರೆ ಅವಳು ಸಹಿ ಹಾಕಿ ಇಲ್ಲೇ ನಿಲ್ಲುವುದು. ಐದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕುವ ಮಾತನ್ನು ಯಾರೂ ಆಡಲಿಲ್ಲ. ಆಡದೆಯೇ ಎಲ್ಲರಿಗೂ ತಿಳಿದಿತ್ತು.

ಅರ್ಜಿಗೆ ಮೂವರ ಶಿಫಾರಸು ಪತ್ರ ಬೇಕು. ಇಬ್ಬರದು ಬೇಗ ಬಂತು. ಮೂರನೆಯದು ಡಿಗ್ರಿಯಲ್ಲಿ ಪಾಠ ಹೇಳಿದ ಮೇಷ್ಟ್ರದು. ನುಸಿಯ ಮೇಲೆ ಅವಳು ಮಾಡಿದ ಮೊದಲ ಕೆಲಸ ಅವರ ಕೈಕೆಳಗೇ ಆದದ್ದು. ಅವಳ ಬಗ್ಗೆ ತೂಕದ ಮಾತು ಬರೆಯಬಲ್ಲವರು ಅವರೊಬ್ಬರೇ. "ಬರೀತೀನಮ್ಮಾ, ಸಂತೋಷವಾಗಿ ಬರೀತೀನಿ," ಅಂದಿದ್ದರು.

ಅದೇ ಮೇಷ್ಟ್ರು ಇದೇ ಅಂಗಡಿಯ ಗಿರಾಕಿ. ಆ ವಾರವೇ ಅವರ ಕಂದು ಕೋಟು ಒಗೆಯಲು ಬಂತು. ಒಂಟಿ ಮನುಷ್ಯ; ಕೋಟು ಅವರಷ್ಟೇ ದಣಿದಿತ್ತು. ಮೊಣಕೈ ತೆಳುವಾಗಿತ್ತು, ಒಳಗಿನ ಲೈನಿಂಗು ಚಿಂದಿಯಾಗಿತ್ತು, ಬಣ್ಣ ಹಾರಿತ್ತು. ಅಪ್ಪ ಅದನ್ನು ಸರಳಿನ ಮೇಲೆ ತೂಗುಹಾಕಿ ಬಹಳ ಹೊತ್ತು ನೋಡಿದ. ಮಗಳ ಮುಂದಿನ ದಾರಿ ಈ ಕೋಟಿನ ಯಜಮಾನನ ಕೈಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಕಾಯುವುದು ಅವನಿಗೂ ಕಷ್ಟವೇ. ಆದರೆ ಅವನು ಕೈ ಕಟ್ಟಿ ಕಾದವನಲ್ಲ.

ಹಳೆಯ ಲೈನಿಂಗು ಕಿತ್ತು ಹೊಸದು ಹೊಲಿದ. ಮೊಣಕೈಗೆ ಒಳಗಿನಿಂದ ಬಟ್ಟೆ ಕೊಟ್ಟ. ಗುಂಡಿಗಳನ್ನೆಲ್ಲ ಬದಲಿಸಿದ. ಕೊನೆಗೆ ಮತ್ತೆ ಬಣ್ಣ ಕುಡಿಸಿದ. ಮಗಳು ಅರ್ಜಿಯ ಪ್ರಬಂಧ ತಿದ್ದುವುದರಲ್ಲಿ ಮುಳುಗಿದ್ದಳು. ಮಿಷನ್ನಿನ ಸದ್ದು ಕೇಳುತ್ತಿತ್ತು; ಅದು ಆ ಮನೆಯಲ್ಲಿ ಯಾವಾಗಲೂ ಕೇಳುವ ಸದ್ದು.

ಮೇಷ್ಟ್ರು ಬಂದು ಕೋಟು ತೆಗೆದುಕೊಂಡು ಹೋದರು. ಪತ್ರ ಬರಲಿಲ್ಲ.

ಮೊಬೈಲಿನಲ್ಲಿ ವಿಶ್ವವಿದ್ಯಾಲಯದ ಪುಟ ತೆರೆದರೆ ಇಬ್ಬರ ಹೆಸರಿನ ಮುಂದೆ 'ತಲುಪಿದೆ' ಎಂದಿತ್ತು, ಮೂರನೆಯದರ ಮುಂದೆ 'ಇನ್ನೂ ಇಲ್ಲ' ಎಂದಿತ್ತು. ಬೆಳಿಗ್ಗೆ ಬಾಯ್ಲರು ಹೊತ್ತಿಸುವ ಮುಂಚೆ ನೋಡುವಳು. ಊಟಕ್ಕೆ ಕೂತಾಗ ನೋಡುವಳು. ಕೌಂಟರಿನ ಕೆಳಗೆ ಮೊಬೈಲು ಸದ್ದು ಮಾಡಿದರೆ ಕೈಯಲ್ಲಿದ್ದುದನ್ನು ಬಿಟ್ಟು ಬಗ್ಗುವಳು. ತೆಗೆದರೆ ಯಾರೋ ಸೋಫಾ ಮಾರುತ್ತಿರುವ ಜಾಹೀರಾತು.

"ನೋಡಿ ನೋಡಿ ಅದರ ಬಣ್ಣ ಬಿಡಿಸ್ತೀಯ," ಅತ್ತೆ ಗದರಿದಳು. "ಇನ್ನೊಂದು ಸಲ ಫೋನ್ ಮಾಡಿ ಕೇಳಬಾರದೇನೇ?"

"ಒಪ್ಪಿಕೊಂಡವರನ್ನ ಮತ್ತೆ ಕೇಳಿದ್ರೆ ನಂಬಿಕೆ ಇಲ್ಲ ಅಂತ ಆಗುತ್ತೆ, ಅತ್ತೆ."

"ಮರೆತಿದ್ರೆ?"

"ಮರೆಯಲ್ಲ ಅವರು."

ಹೇಳಿದಳೇ ಹೊರತು ಮನಸ್ಸು ನೂರು ಬಾಗಿಲು ತಟ್ಟಿ ಬರುತ್ತಿತ್ತು. ಕಾಯಿಲೆಯೇ? ಊರಲ್ಲಿಲ್ಲವೇ? ನನ್ನ ಹಳೆಯ ಕೆಲಸ ಮತ್ತೆ ಓದಿ ಇಷ್ಟೇನಾ ಅನ್ನಿಸಿತೇ? ಈ ಕೊನೆಯ ಪ್ರಶ್ನೆ ಬಂದಾಗಲೆಲ್ಲ ಎದ್ದು ಹೋಗಿ ಅಂಗಿಗಳ ಕಾಲರು ಕೈಯಲ್ಲೇ ಉಜ್ಜುವಳು. ಯಂತ್ರಕ್ಕೆ ಹಾಕಿದರೆ ಸಾಕಾಗುತ್ತಿತ್ತು, ಆದರೂ ಬ್ರಷ್ಷು ಹಿಡಿದು ಉಜ್ಜುವಳು. ಕೊಳೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಅಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು. ಕಾಲರುಗಳು ಮುಗಿದು ಹೋಗುತ್ತಿದ್ದವು, ಅದೇ ತೊಂದರೆ.

ಅಪ್ಪ ಮಾತ್ರ ನಿಶ್ಚಿಂತೆಯಿಂದಿದ್ದ. "ಬರುತ್ತೆ ಬಿಡು ಮಗಾ," ಅನ್ನುತ್ತಿದ್ದ. ಅಷ್ಟು ಧೈರ್ಯ ಇವನಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಆಶ್ಚರ್ಯ.

ಕೊನೆಯ ದಿನಾಂಕ ಹತ್ತಿರ ಬಂದಾಗ ಮರ್ಯಾದೆ ಗಿರ್ಯಾದೆ ಎಲ್ಲ ಬದಿಗಿಟ್ಟು ಮೇಷ್ಟ್ರ ಕಾಲೇಜಿಗೆ ಹೋದಳು. ಅವರ ಕೋಣೆಯಲ್ಲಿ ಪುಸ್ತಕಗಳ ನಡುವೆ ಇಬ್ಬರು ಕೂರುವಷ್ಟೇ ಜಾಗ. ಚಳಿಯಿತ್ತು, ಆದರೂ ಮೇಷ್ಟ್ರು ಬರೀ ಅಂಗಿಯಲ್ಲಿದ್ದರು. ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅಂಗಡಿಯಲ್ಲಿ ಕಟ್ಟಿದ ಚೀಟಿ ಕೂಡ ಬಿಚ್ಚಿರಲಿಲ್ಲ.

"ಕೂತ್ಕೋಮ್ಮಾ," ಅಂದರು. ಅವಳ ಮುಖ ನೋಡಲಿಲ್ಲ. "ನಾನೇ ಕರೆಸಬೇಕಿತ್ತು. ಹೇಗೆ ಹೇಳೋದು ಅಂತ ಗೊತ್ತಾಗದೆ ದಿನ ತಳ್ಳಿದೆ."

"ಏನಾಯ್ತು ಸರ್?"

"ಒಗೆದು ಕೊಡಿ ಅಂತ ಕೊಟ್ಟಿದ್ದೆ. ಹೊಸ ಕೋಟು ಬಂತು. ಇದೇನಿದು ಅಂತ ಕೇಳಿದ್ರೆ ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು, ನಮ್ಮ ಹುಡುಗೀದು ಸ್ವಲ್ಪ ನೋಡ್ಕೊಳಿ ಸರ್ ಅಂದ್ರು."

ಅವಳಿಗೆ ಮಿಷನ್ನಿನ ಸದ್ದು ನೆನಪಾಯಿತು.

"ಪತ್ರದ ಕೊನೇಲಿ ಒಂದು ಸಾಲಿದೆ," ಮೇಷ್ಟ್ರು ಮುಂದುವರಿಸಿದರು. "ಇವಳಿಂದಾಗಲಿ ಇವಳ ಮನೆಯವರಿಂದಾಗಲಿ ನಾನು ಏನೂ ಪಡೆದಿಲ್ಲ ಅಂತ ಸಹಿ ಹಾಕ್ಬೇಕು. ಪೆನ್ನು ತಗೊಂಡಾಗೆಲ್ಲ ಇದು ಹಿಂದೆ ನೇತಾಡ್ತಿರುತ್ತೆ."

"ಸರ್, ಅದು ನಮ್ಮ ಅಂಗಡಿ ಅಭ್ಯಾಸ. ಗುಂಡಿ ಹೋಗಿದ್ರೆ ಹಾಕ್ತೀವಿ, ಅಂಚು ಬಿಟ್ಟಿದ್ರೆ ಹೊಲಿತೀವಿ. ಯಾರನ್ನೂ ಕೇಳಲ್ಲ. ಎಲ್ಲರಿಗೂ ಮಾಡ್ತೀವಿ."

ಮೇಷ್ಟ್ರ ಮುಖದಲ್ಲಿ ಒಂದು ಆಸೆ ಬೆಳಗಿತು. ಅವರಿಗೂ ಬೇಕಾದದ್ದು ಅದೇ. ಮುಂದಕ್ಕೆ ಬಾಗಿ ಕೇಳಿದರು: "ಎಲ್ಲರಿಗೂ ಲೈನಿಂಗ್ ಹಾಕ್ತೀರಾ? ಬಣ್ಣ ಹಾಕ್ತೀರಾ? ಹೌದು ಅಂತ ಹೇಳು, ಈಗಲೇ ಬರೀತೀನಿ."

ಹೌದು ಎಂದರೆ ಮುಗಿಯಿತು. ಎರಡಕ್ಷರವೂ ಬೇಕಿರಲಿಲ್ಲ, ತಲೆದೂಗಿದರೂ ನಡೆಯುತ್ತಿತ್ತು. ಆದರೆ ಇದೇ ಮೇಷ್ಟ್ರು ಒಮ್ಮೆ ಸತ್ತ ಹುಳುಗಳನ್ನು ಎಣಿಸಲು ಹೇಳಿ, ನಿನಗೆ ಬೇಕಾದ ಉತ್ತರ ಬರೀಬೇಡ, ತಟ್ಟೆಯಲ್ಲಿ ಇರೋದನ್ನ ಬರಿ ಅಂದಿದ್ದವರು. ಅವಳು ಕೋಟಿನ ಕಡೆ ನೋಡಿದಳು. ತೋಳಿನ ಹತ್ತಿರ ಅಪ್ಪನ ಹೊಲಿಗೆ ಒಂದೂ ಕಾಣದ ಹಾಗೆ ಕೂತಿತ್ತು.

"ಇಲ್ಲ ಸರ್. ಲೈನಿಂಗ್ ಯಾರಿಗೂ ಹಾಕಿಲ್ಲ."

ಮೇಷ್ಟ್ರು ಹಿಂದಕ್ಕೆ ಒರಗಿದರು.

"ಬಿಚ್ಚಿಬಿಡ್ತೀನಿ," ಅಂದಳು, ಅವಳ ದನಿಯೇ ಅವಳಿಗೆ ಮಕ್ಕಳ ದನಿಯಂತೆ ಕೇಳಿತು. "ಹಳೇ ಗುಂಡಿ ಅಪ್ಪ ಬಿಸಾಡಿರಲ್ಲ. ಲೈನಿಂಗ್ ಕಿತ್ತು ಹಾಗೇ ಮಾಡಿ ತಂದು..."

"ಬಣ್ಣ?"

ಬಣ್ಣ ತೆಗೆಯಲು ಬರುವುದಿಲ್ಲ. ಆ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

"ಕೋಟು ಏನು, ನಾಳೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ," ಮೇಷ್ಟ್ರು ಮೆಲ್ಲಗೆ ಅಂದರು. "ನಿಮ್ಮಪ್ಪನ ಆ ಮಾತನ್ನ ಯಾರಿಗೆ ಕೊಡ್ಲಿ? ನಿನ್ನ ಬಗ್ಗೆ ನಿಜಾನೇ ಬರೆದ್ರೂ ನನಗೇ ಅನುಮಾನ ಬರುತ್ತಮ್ಮಾ. ಬೇರೆಯವರನ್ನ ಕೇಳು."

ಕೇಳಿದಳು. ಒಂದು ವರ್ಷ ಪಾಠ ಮಾಡಿದ್ದ ಇನ್ನೊಬ್ಬರು ಸಿಕ್ಕಿದರು. ಅವರಿಗೆ ಅವಳ ಮುಖ ನೆನಪಿತ್ತು, ಕೆಲಸ ನೆನಪಿರಲಿಲ್ಲ. ಶಿಸ್ತಿನ ಹುಡುಗಿ, ತರಗತಿ ತಪ್ಪಿಸುತ್ತಿರಲಿಲ್ಲ ಎಂಬಷ್ಟನ್ನು ಬರೆದು ಕಳಿಸಿದರು. ಪುಟದಲ್ಲಿ ಮೂರರ ಮುಂದೆಯೂ 'ತಲುಪಿದೆ' ಎಂದು ಬಂತು. ಅದನ್ನು ನೋಡಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ.

"ಮೇಷ್ಟ್ರು ಕೋಟು ಹಾಕ್ಕೊಂಡಿದ್ರಾ?" ಅವಳು ಕಾಲೇಜಿಂದ ಬಂದ ದಿನವೇ ಅಪ್ಪ ಕೇಳಿದ್ದ.

"ಕೋಣೆಯಲ್ಲೇ ಇತ್ತು."

"ಬೆಚ್ಚಗಿದೆ ಅಂದ್ರಾ?"

"ಹೂಂ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎರಡು ಬಗೆಯ ಕಾಯುವಿಕೆ ನಡೆಯಿತು. ಅಪ್ಪನದು ಬಸ್ಸು ಬಂದೇ ಬರುತ್ತದೆ ಎಂದು ಚೀಲ ತೊಡೆಯ ಮೇಲಿಟ್ಟು ಕೂತವನದು. ಹೊಸ ಊರಿನಲ್ಲಿ ನಿನಗೆ ಬೆಳಕಿರೋ ಕೋಣೆ ಬೇಕು ಎನ್ನುತ್ತಿದ್ದ. ಬಾಯ್ಲರನ್ನು ಯಾರಿಗೆ ಮಾರುವುದೆಂದು ಯೋಚಿಸುತ್ತಿದ್ದ. ಅತ್ತೆ, ಅಲ್ಲಿ ನೀರು ಗಡುಸೋ ಮೆತ್ತಗೋ ವಿಚಾರಿಸು ಎಂದು ಪೀಡಿಸುತ್ತಿದ್ದಳು. ಮಗಳು ಹೂಂಗುಟ್ಟುತ್ತಿದ್ದಳು. ಪೂರ್ತಿ ಆಸೆ ಬಿಟ್ಟಿದ್ದರೆ ನೆಮ್ಮದಿಯಿರುತ್ತಿತ್ತೇನೋ. ಆಸೆ ಬಿಡಲಿಲ್ಲ. ಯಾರಿಗೆ ಗೊತ್ತು, ಪ್ರಬಂಧ ಓದಿ ಮೆಚ್ಚಬಹುದು, ಈ ಸಲ ಕಡಿಮೆ ಜನ ಹಾಕಿರಬಹುದು ಎಂದು ಒಳಗೊಂದು ದನಿ ಅನ್ನುತ್ತಲೇ ಇತ್ತು. ಆ ದನಿಯನ್ನು ಅವಳು ದ್ವೇಷಿಸಿದಳು, ಆದರೆ ಅದು ಒಂದು ಹೊತ್ತು ಸುಮ್ಮನಾದರೆ ಗಾಬರಿಯಾಗಿ ಹುಡುಕಿದಳು.

ಉತ್ತರ ಒಂದು ಮಧ್ಯಾಹ್ನ ಬಂತು. ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಓದಿದಳು. ಬಾಯ್ಲರಿನ ಉಗಿ ಬಿಡುವ ಸದ್ದು ಮುಗಿಯುವವರೆಗೆ ಕಾದು ಹಿಂದಿನ ಕೋಣೆಗೆ ಹೋದಳು.

"ಆಗ್ಲಿಲ್ಲ ಅಪ್ಪಾ."

ಅತ್ತೆಯ ಇಸ್ತ್ರಿ ನಿಂತಿತು. "ಕಾಯೋ ಪಟ್ಟೀಲಿ ಆದ್ರೂ..."

"ಇಲ್ಲ ಅತ್ತೆ."

ಅಪ್ಪ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಯೋಚಿಸಿ ಯೋಚಿಸಿ ಕೊನೆಗೆ ಕೇಳಿದ: "ಕೋಟಲ್ಲಿ ಏನಾದ್ರೂ ಕಮ್ಮಿ ಆಗಿತ್ತಾ ಮಗಾ?"

ಇಷ್ಟು ದಿನ ನುಂಗಿಕೊಂಡಿದ್ದಳು, ಇನ್ನೂ ನುಂಗಬಹುದಿತ್ತು. "ಕೋಟು ಚೆನ್ನಾಗಿತ್ತಪ್ಪಾ," ಎಂದು ಅಲ್ಲಿಗೇ ನಿಲ್ಲಿಸಲು ನೋಡಿದಳು. ಆದರೆ ಅವನು ತಲೆಯಾಡಿಸಿ, "ತೋಳು ಸ್ವಲ್ಪ ಬಿಗಿ ಮಾಡಿದ್ನೇನೋ. ಹೋಗಿ ಕೇಳ್ಕೊಂಡು ಬರ್ತೀನಿ," ಎಂದು ಸೊಂಟ ಹಿಡಿದು ಏಳತೊಡಗಿದ.

"ಹೋಗ್ಬೇಡ."

"ಯಾಕೆ?"

"ಅವರು ಪತ್ರ ಬರೀಲಿಲ್ಲ ಅಪ್ಪಾ. ಕೋಟು ತಗೊಂಡ ಮೇಲೆ ಬರೆಯೋದು ಸರಿಯಲ್ಲ ಅಂದ್ರು."

ಅಪ್ಪ ಅರ್ಧ ಎದ್ದವನು ಹಾಗೇ ನಿಂತ. ಅತ್ತೆ ಬಾಯಿ ತೆರೆದಳು, ಬೈಯಲೆಂದೇ ತೆರೆದಳು. ತಮ್ಮನ ಮುಖ ನೋಡಿ ಮುಚ್ಚಿಕೊಂಡಳು.

"ಯಾವಾಗ ಗೊತ್ತಾಯ್ತು ನಿಂಗೆ?" ಅಪ್ಪ ಕೇಳಿದ.

"ಆಗಲೇ."

"ನಾನು ಬೆಳಕಿರೋ ಕೋಣೆ ಅಂತಿದ್ದಾಗ?"

ಅಪ್ಪ ಮತ್ತೆ ಕೂತ. ಎರಡು ಕೈಯನ್ನೂ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ.

"ಇನ್ನೊಂದು ಸಲ ಹಾಕು," ಅಂದ. "ನಾನು ಏನೂ ಮುಟ್ಟಲ್ಲ."

"ನೋಡೋಣ ಅಪ್ಪಾ. ಮಾಲೀಕರಿಗೆ ನಾಳೆ ಸಹಿ ಹಾಕೋಕೆ ಬರ್ತೀನಿ ಅಂತ ಹೇಳಿ ಕಳಿಸ್ತೀನಿ."

ಮುಂದೆ ಯಾರೋ ಕೌಂಟರು ತಟ್ಟಿದರು. ಅವಳು ಮುಖ ಒರೆಸಿಕೊಂಡು ಹೋದಳು. ಹೆಂಗಸೊಬ್ಬಳು ತೋಳಿನ ತುಂಬ ಬಟ್ಟೆ ಹೊತ್ತು ನಿಂತಿದ್ದಳು. ಮಗಳು ಒಂದೊಂದನ್ನೇ ಬಿಡಿಸಿ, ಕಲೆಗಳನ್ನು ನೋಡಿ, ಚೀಟಿ ಕಟ್ಟಿದಳು.

"ಯಾವಾಗ ಸಿಗುತ್ತೆ?"

"ನಾಳೆ ಸಂಜೆಗೆ."

"ಖಂಡಿತಾನಾ? ಬಂದು ಸುಮ್ನೆ ವಾಪಸ್ ಹೋಗೋ ಹಾಗಾಗಬಾರದು."

"ಖಂಡಿತ," ಅಂದಳು. "ನಾನು ಇಲ್ಲೇ ಇರ್ತೀನಿ."