ಕೈಯಾರೆ ಓಡಿಸಿದರೆ ಮಾತ್ರ

ಹುಬ್ಬಳ್ಳಿಯ ಗೋಕುಲ ರಸ್ತೆಯ ಔಷಧ ಸಗಟು ಕಂಪನಿಯ ವ್ಯಾನುಗಳು ಬೆಳಗ್ಗೆ ಹೊರಡಬೇಕೆಂದರೆ, ಅದಕ್ಕೂ ಮೊದಲು ಫರಹತ ಕಂಪ್ಯೂಟರಿನ ಮುಂದೆ ಕೂತಿರಬೇಕಿತ್ತು. ಯಾವ ಅಂಗಡಿಗೆ ಯಾವ ಔಷಧ ಎಂಬ ಪಟ್ಟಿ ಅಲ್ಲಿಂದ ಬರಬೇಕು. ಇಂಥ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಶುರುಮಾಡಲೆಂದು ಕಂಪನಿಯವರು ಶೆಡ್ಯೂಲರ್ ಎಂಬ ತಂತ್ರಾಂಶ ತಂದಿದ್ದರು. ಪಟ್ಟಿ ತಯಾರಿಸುವ ಪ್ರೋಗ್ರಾಮನ್ನು ಫರಹತ ತನ್ನ ಲಾಗಿನ್ನಿನಿಂದ ಕೈಯಾರೆ ಓಡಿಸಿದರೆ ಪಟ್ಟಿ ಸರಾಗವಾಗಿ ಬರುತ್ತಿತ್ತು. ಶೆಡ್ಯೂಲರ್ ತಾನಾಗಿ ಓಡಿಸಿದರೆ ನಡುವೆಯೇ ನಿಂತುಬಿಡುತ್ತಿತ್ತು.

ಕಾರಣವನ್ನು ಆಕೆ ಆಗಲೇ ಹುಡುಕಿದ್ದಳು. ದಾಸ್ತಾನಿನ ಮಾಹಿತಿ ಎಲ್ಲಿದೆ, ಪಟ್ಟಿಯನ್ನು ಎಲ್ಲಿಡಬೇಕು ಎಂದು ತಿಳಿಸುವ ಎನ್ವಿರಾನ್ಮೆಂಟ್ ವೇರಿಯೇಬಲ್‌ಗಳು ಆಕೆಯ ಲಾಗಿನ್ನಿನಲ್ಲಿ ಮಾತ್ರ ಇದ್ದವು, ಶೆಡ್ಯೂಲರಿನ ಖಾತೆಯಲ್ಲಿರಲಿಲ್ಲ. ನಾಲ್ಕು ಸಾಲು ಬರೆದರೆ ಮುಗಿಯಿತು. ಆದರೆ ಆ ಖಾತೆಯ ಪಾಸ್‌ವರ್ಡ್ ವಿಭಾಗದ ಮುಖ್ಯಸ್ಥ ವಿನೋದನ ಬಳಿ ಇತ್ತು.

“ಸರ್, ನೀವ ಮುಂದ ಕುಂತು ಆ ನಾಲ್ಕ ಸಾಲ ಹಾಕಸ್ರಿ. ಚಹಾ ಆರೂದ್ರೊಳಗ ಮುಗೀತೈತಿ,” ಎಂದು ಆಕೆ ಎಷ್ಟೋ ಸಲ ಕೇಳಿದ್ದಳು.

“ನಡದೈತಲ್ರಿ? ಮತ್ತ್ಯಾಕ ಅದನ್ನ ಕೆದಕತೀರಿ?” ಎನ್ನುತ್ತಿದ್ದ ವಿನೋದ.

ನಡೆಯುತ್ತಿದ್ದದ್ದು ಫರಹತಳ ಕಾಲ ಮೇಲೆ. ಧಾರವಾಡದ ಮನೆಯಲ್ಲಿ ತಾಯಿ ಗುಲ್ಜಾರಬಿ ಲಕ್ವಾ ಹೊಡೆದು ಮಲಗಿದ್ದಳು. ತಾಯಿಯ ಮುಖ ತೊಳೆಸಿ, ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ಪಕ್ಕದ ಮನೆಯ ತಾರಾಬಾಯಿಗೆ ಒಪ್ಪಿಸಿ ಆಕೆ ಹುಬ್ಬಳ್ಳಿಯ ಬಸ್ ಹಿಡಿಯುತ್ತಿದ್ದಳು. ಮನೆಯಿಂದ ಓಡಿಸಲು ಪರವಾನಗಿ ಇರಲಿಲ್ಲ. ರಜೆಯ ಮಾತೆತ್ತಿದರೆ, “ಪಟ್ಟಿ ಯಾರ ತಗೀಬೇಕ್ರಿ?” ಎಂಬ ಪ್ರಶ್ನೆ ಸಿದ್ಧವಾಗಿತ್ತು.

ಮಳೆಗಾಲದ ಒಂದು ಬೆಳಗ್ಗೆ ಗುಲ್ಜಾರಬಿಯ ಉಸಿರು ಗೊರಗೊರ ಎನ್ನತೊಡಗಿತು. ಬರಲಾಗದೆಂದು ಫರಹತ ಫೋನ್ ಮಾಡಿದಳು.

“ವ್ಯಾನ್ ಎಲ್ಲಾ ನಿಂತಾವ್ರಿ. ಓಡಿಸಿ ಹಂಗ ತಿರುಗಿ ಹೋಗ್ರಿ. ನಾನೇನ ಹಿಡ್ಕೋತೇನೇನ್ರಿ ನಿಮ್ಮನ್ನ?” ಎಂದ ವಿನೋದ.

ಫರಹತ ಎದ್ದು ನಿಂತಾಗ ತಾಯಿ ಇನ್ನೂ ಆಡುತ್ತಿದ್ದ ಒಂದು ಕೈಯಿಂದ ಮಗಳ ಓಢಣಿಯ ಅಂಚು ಹಿಡಿದಳು. ಮಾತು ಹೋಗಿ ಬಹಳ ದಿನವಾಗಿತ್ತು. ಫರಹತ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಲಗೂ ಬರ್ತೇನಿ, ಅಮ್ಮಿ,” ಎಂದು ಹೊರಟಳು.

ಪಟ್ಟಿ ಬಂತು, ವ್ಯಾನುಗಳು ಹೊರಟವು. ಆಕೆ ಮರಳುತ್ತಿದ್ದ ಬಸ್ಸು ನವಲೂರು ದಾಟುವಾಗ ತಾರಾಬಾಯಿಯ ಫೋನ್. “ಫರಹತ, ಅಮ್ಮಿ ಹೋದರವಾ.”

ದಫನ್ ಮುಗಿದು, ದುಃಖದ ದಿನಗಳು ಕಳೆದು ಆಕೆ ಕೆಲಸಕ್ಕೆ ಬಂದಳು. ಅಷ್ಟರಲ್ಲಿ ಪಟ್ಟಿಯಿಲ್ಲದೆ ವ್ಯಾನುಗಳು ನಿಂತು, ಮಾಲೀಕರು ವಿನೋದನನ್ನು ಎಲ್ಲರೆದುರು ಝಾಡಿಸಿದ್ದರು. ಆತ ತಾನಾಗಿ ಪಾಸ್‌ವರ್ಡ್ ಹೊಡೆದು ಕುರ್ಚಿ ಬಿಟ್ಟುಕೊಟ್ಟ. ಫರಹತ ನಾಲ್ಕು ಸಾಲು ಬರೆದು ಶೆಡ್ಯೂಲರನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಯಾರೂ ಮುಟ್ಟದೆಯೇ ಪಟ್ಟಿ ಹೊರಬಂತು.

“ಇಷ್ಟ ಇತ್ತೇನ್ರಿ? ಮೊದಲ ಹೇಳಬಾರದಿತ್ತೇನ್ರಿ?” ಎಂದ ವಿನೋದ.

“ಹೇಳಿದ್ದೆ ಸರ್.”

ಆತನಿಗೆ ನೆನಪಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆತ ನಾಟಕವಾಡಿದ್ದರೆ ಆಕೆಗೆ ಸಿಟ್ಟಾದರೂ ಬರುತ್ತಿತ್ತು.

“ಛಲೋ ಆತ ಬಿಡ್ರಿ,” ಎಂದ ವಿನೋದ ನಗುತ್ತ. “ಇನ್ನ ಹತ್ತಕ್ಕ ಬರ್ರಿ. ಮುಂಜಾನೆ ಮನ್ಯಾಗ ಆರಾಮ ಇರ್ರಿ.”

ಫರಹತ ಕೆಲಸ ಬಿಡಲಿಲ್ಲ. ಬಿಟ್ಟು ಹೋಗಲು ಇನ್ನೊಂದು ಜಾಗ ಇರಲಿಲ್ಲ. ಹತ್ತಕ್ಕೇ ಹೋಗುತ್ತಾಳೆ. ತಂತ್ರಾಂಶದಲ್ಲಿ ಏನಾದರೂ ಕೆಟ್ಟದ್ದು ಕಂಡರೆ ವಿನೋದನಿಗೆ ಒಂದು ಸಲ ಹೇಳುತ್ತಾಳೆ. ಎರಡನೆಯ ಸಲ ಹೇಳುವುದನ್ನು ಬಿಟ್ಟಿದ್ದಾಳೆ.